ಹೊರಗಿನಿಂದ ಬೀಗ

ಆನೆಯಂಥ ಆನೆ ಹೋಗಿ ಬಾಲ ಸಿಕ್ಕಿಹಾಕಿಕೊಂಡಿತು ಅನ್ನುತ್ತಾರಲ್ಲ, ಗೂಬೆಯಣ್ಣನದು ಹಾಗೇ ಆಯಿತು. ಪತ್ರಿಕೆಯ ಪ್ರೆಸ್ಸಿನಲ್ಲಿ ಆಳೆತ್ತರದ ಕಾಗದದ ಉರುಳೆಗಳನ್ನು ಹೆಗಲು ಕೊಟ್ಟು ತಳ್ಳಿದ ಮನುಷ್ಯ, ಹೋದ ವಾರ ಇದ್ದಬದ್ದ ಸೂಟ್‌ಕೇಸುಗಳನ್ನೆಲ್ಲ ಲಿಫ್ಟ್ ಇಲ್ಲದ ಮನೆಗೆ ಹೊತ್ತು ತಂದು "ಇಷ್ಟೇನಾ?" ಅಂದ ಮನುಷ್ಯ, ಇವತ್ತು ಬೆಳಿಗ್ಗೆ ನೆಲಕ್ಕೆ ಬಿದ್ದ ಟೀ ಚಮಚ ಎತ್ತಲು ಬಗ್ಗಿದವನು ಮೇಲೇಳಲೇ ಇಲ್ಲ.

"ಏಳ್ರೀ, ತಮಾಷೆ ಸಾಕು. ನನಗೆ ಹೊತ್ತಾಯ್ತು," ಅಂದಳು ಹೆಂಡತಿ, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಾ. ಗಂಡ ಬಾಯಿ ತೆಗೆದರೆ ಅರ್ಧ ತಮಾಷೆ ಅನ್ನುವುದು ಅವಳ ಅನುಭವ. ಉತ್ತರ ಬರದಿದ್ದಾಗ ತಿರುಗಿ ನೋಡಿದಳು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಒಂದು ಕೈ ಮೇಜಿನ ಕಾಲು ಹಿಡಿದಿತ್ತು, ಇನ್ನೊಂದು ಸೊಂಟದ ಮೇಲಿತ್ತು. ಚಮಚ ಬಿದ್ದಲ್ಲೇ ಇತ್ತು.

ಗೂಬೆಯಣ್ಣ ಅನ್ನುವುದು ಪ್ರೆಸ್ಸಿನ ಗೆಳೆಯರು ಇಟ್ಟ ಹೆಸರು. ರಾತ್ರಿಯೆಲ್ಲ ಎಚ್ಚರವಿದ್ದು ಪೇಪರ್ ಅಚ್ಚು ಹಾಕಿ, ಹಗಲು ಹೊದ್ದು ಮಲಗುವವನಿಗೆ ಇನ್ನೇನು ಹೆಸರಿಡುತ್ತಾರೆ? ಅವಳಿಗೂ ಒಂದು ಹೆಸರಿತ್ತು, ಹಲ್ಲಿನಕ್ಕ. ಊರಿನ ಒಂದು ಸಣ್ಣ ಲ್ಯಾಬಿನಲ್ಲಿ ಕೂತು, ಮುಖ ನೋಡದ ಎಷ್ಟೋ ಮುದುಕ ಮುದುಕಿಯರಿಗೆ ಕಟ್ಟುಹಲ್ಲು ಮಾಡಿಕೊಟ್ಟ ಕೈ ಅವಳದು. ಆ ಕೈಯನ್ನು ನಂಬಿಕೊಂಡೇ ಈ ಪರದೇಶದ ಹಲ್ಲಿನ ಸ್ಕೂಲಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿತ್ತು, ಆದರೆ ಪೂರ್ತಿ ಸಿಕ್ಕಿರಲಿಲ್ಲ. ಮೊದಲ ದಿನವೇ ಕೈಪರೀಕ್ಷೆ. ಎಲ್ಲರಿಗೂ ಒಂದೊಂದು ಮೇಣದ ತುಂಡು ಕೊಡುತ್ತಾರೆ, ಅದರಲ್ಲಿ ಒಂದು ದವಡೆಹಲ್ಲು ಕೆತ್ತಬೇಕು. ಮೇಷ್ಟ್ರಿಗೆ ಒಪ್ಪಿಗೆಯಾದವರು ಉಳಿಯುತ್ತಾರೆ, ಮಿಕ್ಕವರು ಬರುವ ವರ್ಷ ನೋಡಿಕೊಳ್ಳಬೇಕು. ಇದ್ದ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ, ಗಂಡನನ್ನು ಕಟ್ಟಿಕೊಂಡು ಬಂದವಳಿಗೆ ಬರುವ ವರ್ಷ ಎನ್ನುವುದು ಬರದ ವರ್ಷವೇ. ಆ ಮೊದಲ ದಿನ ಇವತ್ತೇ.

ಅವನನ್ನು ಎಳೆದು ಹಾಸಿಗೆಗೆ ತರುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಮಂಡಿಗಳ ಕೆಳಗೆ ದಿಂಬು ಕೊಟ್ಟು, ಆಸ್ಪತ್ರೆಯ ಸಹಾಯವಾಣಿಗೆ ಫೋನ್ ಮಾಡಿದಳು. ಇಲ್ಲಿಯ ಭಾಷೆ ಅವಳಿಗೆ ಬರುತ್ತಿತ್ತು, ಕಷ್ಟಪಟ್ಟು ಕಲಿತಿದ್ದಳು. ಅವನಿಗೆ ಬೇಕು, ಬೇಡ, ಸಾಕು ಅನ್ನುವಷ್ಟೇ. ನರ್ಸ್ ಹೇಳಿದ್ದನ್ನು ಅವಳು ಅಕ್ಷರ ಬಿಡದೆ ಕನ್ನಡದಲ್ಲಿ ಒಪ್ಪಿಸಿದಳು.

"ಸಾಮಾನ್ಯವಾಗಿ ತಾನೇ ಕಡಿಮೆ ಆಗುತ್ತಂತೆ. ಆದ್ರೆ ಕಾಲು ಜೋಮು ಹಿಡಿದು ಮುಟ್ಟಿದ್ದು ಗೊತ್ತಾಗದೇ ಹೋದ್ರೆ, ಒಂದಕ್ಕೆ ಬರದೇ ಹೋದ್ರೆ, ಒಂದು ಗಳಿಗೆನೂ ಕಾಯಬಾರದಂತೆ. ತಡ ಮಾಡಿದ್ರೆ ಕಾಲು ವಾಪಸ್ ಬರಲ್ಲವಂತೆ. ಕೇಳಿಸ್ತಾ?"

"ಕೇಳಿಸ್ತು. ಎಲ್ಲಾ ಗೊತ್ತಾಗ್ತಿದೆ. ಆ ಚಮಚ ಇನ್ನೂ ಯಾರೂ ಎತ್ತಿಲ್ಲ ಅನ್ನೋದೂ ಗೊತ್ತಾಗ್ತಿದೆ."

"ನಾನು ಹೋಗಲ್ಲ. ಫೋನ್ ಮಾಡಿ ಹೇಳ್ತೀನಿ."

"ಏನಂತ ಹೇಳ್ತೀಯಾ? ಗಂಡ ಚಮಚ ಎತ್ತಕ್ಕೆ ಹೋಗಿ ಬಿದ್ದ ಅಂತಲಾ?" ನಗಲು ಹೋಗಿ ಅವನ ಮುಖ ಹಿಂಡಿತು. ಉಸಿರು ಹಿಡಿದು ಬಿಟ್ಟ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿನಗೀಗ ಎರಡೂ ಇದೆ. ನನ್ನ ಸೊಂಟಕ್ಕೋಸ್ಕರ ಬಿಟ್ಟೆ ಅಂದ್ರೆ ಜನ್ಮ ಇರೋವರೆಗೂ ನಿನ್ನ ಹತ್ರ ಮಾತಾಡಲ್ಲ ನೋಡು. ಹೋಗೇ ಸ್ಕೂಲ್ ಹುಡುಗಿ."

ಅವಳು ಅವನ ಕೈಗೆಟುಕುವಂತೆ ನೀರು, ಮಾತ್ರೆ, ಬ್ರೆಡ್ಡು, ಫೋನು ಎಲ್ಲ ಜೋಡಿಸಿಟ್ಟಳು. ಅಗಲ ಬಾಯಿಯ ಖಾಲಿ ಬಾಟಲಿಯನ್ನು ಇಟ್ಟಾಗ ಅವನು ಮುಖ ಆಚೆ ತಿರುಗಿಸಿದ. ಕೆಳಮನೆಯ ಅಜ್ಜಿಯ ಹತ್ತಿರ ಹೋಗಿ, ಮಧ್ಯಾಹ್ನ ಒಮ್ಮೆ ಹತ್ತಿ ಬಂದು ನೋಡಬೇಕೆಂದು ಕೈಮುಗಿದು ಕೇಳಿಕೊಂಡಳು. ಬಾಗಿಲು ಸುಮ್ಮನೆ ಮುಂದೆ ಮಾಡಿರುತ್ತೇನೆ, ತಳ್ಳಿದರೆ ಸಾಕು ಅಂದಳು. ಮತ್ತೆ ಮೇಲೆ ಬಂದು, ಪಾದ ಚಿವುಟಿ ನೋಡಿ, ಅವನು "ಅಯ್ಯೋ ರಾಕ್ಷಸಿ" ಅಂದಮೇಲೆ ಧೈರ್ಯ ತಂದುಕೊಂಡು ಬ್ಯಾಗು ಹೆಗಲಿಗೇರಿಸಿದಳು.

"ಹೋಗಿ ಬರ್ತೀನಿ."

"ಹ್ಞೂಂ."

ಸ್ಕೂಲಿನ ಹಾಲಿನಲ್ಲಿ ಉದ್ದುದ್ದ ಬೆಂಚುಗಳು. ಪ್ರತಿಯೊಬ್ಬರ ಮುಂದೆಯೂ ಒಂದು ಸಣ್ಣ ಸ್ಪಿರಿಟ್ ದೀಪ, ಕೆತ್ತುವ ಚಾಕು, ಕೆರೆಯುವ ಕಡ್ಡಿ, ಹಸಿರು ಮೇಣದ ತುಂಡು. ಬ್ಯಾಗು, ಫೋನು ಎಲ್ಲವನ್ನೂ ಹೊರಗಿನ ಕಪಾಟಿನಲ್ಲಿಟ್ಟು ಬರಬೇಕು. ಪರೀಕ್ಷೆ ಮುಗಿಯುವ ಮುಂಚೆ ಎದ್ದು ಹೋದವರು ಮತ್ತೆ ಒಳಗೆ ಬರುವಂತಿಲ್ಲ. ಇದನ್ನೆಲ್ಲ ಹೇಳಿದ ಮೇಷ್ಟ್ರು ಹಣೆಗೊಂದು ಭೂತಗನ್ನಡಿ ಏರಿಸಿಕೊಂಡಿದ್ದ ಒಣಕಲು ಮನುಷ್ಯ. ಕೈಗಳನ್ನು ಮಾತ್ರ ನೋಡುತ್ತಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೇಣ ಕೈಗೆ ಬಂದದ್ದೇ ತಡ, ಹಲ್ಲಿನಕ್ಕನ ಎದೆಬಡಿತ ಹತೋಟಿಗೆ ಬಂತು. ಕೆಲಸ ಅಂದರೆ ಹಾಗೆ, ಅಮ್ಮನ ಮಡಿಲಿದ್ದ ಹಾಗೆ. ಬೇರೆಯವರು ಇನ್ನೂ ಅಳತೆ ನೋಡುತ್ತಿದ್ದಾಗ ಅವಳು ತುಂಡಿನ ನಾಲ್ಕು ಮಗ್ಗುಲನ್ನೂ ತಗ್ಗಿಸಿ, ಹಲ್ಲಿನ ಕತ್ತು, ಅಂದರೆ ಒಸಡಿಗೆ ಸೇರುವ ಜಾಗ, ಎಲ್ಲಿ ಬರಬೇಕೆಂದು ಗೀರಿಕೊಂಡಿದ್ದಳು. ಇನ್ನು ಉಳಿದದ್ದು ಮೇಲ್ಭಾಗ, ಅಗಿಯುವ ಜಾಗ. ದಿಬ್ಬಗಳು, ನಡುವಿನ ಕಣಿವೆಗಳು. ಕೈಗುಣ ಗೊತ್ತಾಗುವುದು ಅಲ್ಲೇ. ಕಣ್ಣಿಗೆ ಬೆವರು ಇಳಿಯಿತೆಂದು ಕರವಸ್ತ್ರಕ್ಕಾಗಿ ಜೇಬಿಗೆ ಕೈ ಹಾಕಿದಳು.

ಕೈಗೆ ಸಿಕ್ಕಿದ್ದು ಮನೆಯ ಕೀಲಿ.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅವಳು ಬೀಗ ಹಾಕಿಕೊಂಡು ಬಂದಿದ್ದಳು. ಹೊರಗಿನಿಂದ.

ಇದು ಬೇರೆ ಯಾವ ಹೆಂಡತಿಯೂ ಮಾಡುವ ತಪ್ಪಲ್ಲ. ಇದರ ಬೇರು ಅವರ ಮದುವೆಯಷ್ಟೇ ಹಳೆಯದು. ಗೂಬೆಯಣ್ಣ ಬೆಳಕು ಹರಿಯುವಾಗ ಮನೆಗೆ ಬಂದು ಮಲಗುತ್ತಿದ್ದ, ಅವಳು ಅವನನ್ನು ಮಲಗಿಸಿ ಲ್ಯಾಬಿಗೆ ಹೊರಡುತ್ತಿದ್ದಳು. ಅವರ ಓಣಿಯಲ್ಲಿ ಬಾಗಿಲು ತಟ್ಟದ ನರಪಿಳ್ಳೆಯಿರಲಿಲ್ಲ. ಮಾರುವವರು, ಕೇಳುವವರು, ನೆಂಟರು, ದಾರಿ ತಪ್ಪಿದವರು. ಅದಕ್ಕೇ ಅವಳು ಹೊರಗಿನಿಂದ ಬೀಗ ಹಾಕಿ ಕೀಲಿ ಜೇಬಿಗಿಳಿಸಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡಳು. ಬೀಗ ಕಂಡವರು ಹಾಗೇ ಹೋಗುತ್ತಾರೆ. ಅಷ್ಟಾಗಿಯೂ ತಟ್ಟಿದರೆ ಒಳಗಿನಿಂದ ಚಕಾರ ಎತ್ತಬಾರದು. "ಹೊರಗೆ ಬೀಗ, ಒಳಗಿಂದ ಯಾರು ಅಂತ ದನಿ ಬಂದ್ರೆ ಮನೇಲಿ ದೆವ್ವ ಇದೆ ಅಂತಾರೆ ಕಣೇ," ಅನ್ನುತ್ತಿದ್ದ ಅವನು. ಒಮ್ಮೆ ಅವಳ ಸೋದರಮಾವನೇ ಬಂದು ತಟ್ಟಿ, ಬೈದು, ಹೋಗಿದ್ದ. ಇವನು ಒಳಗೆ ದಿಂಬು ಕಚ್ಚಿಕೊಂಡು ನಕ್ಕಿದ್ದ.

ಇವತ್ತು ತಲೆ ತನ್ನ ಚಿಂತೆಯಲ್ಲಿತ್ತು, ಕೈ ತನ್ನ ಹಳೆಯ ಕೆಲಸ ಮಾಡಿತ್ತು. ಬಾಗಿಲು ಮುಂದೆ ಮಾಡಿದ ನೆನಪಿತ್ತು, ಕೀಲಿ ತಿರುಗಿಸಿದ ನೆನಪಿರಲಿಲ್ಲ. ಈ ಮನೆಯ ಬಾಗಿಲನ್ನು ಒಳಗಿನಿಂದ ತೆಗೆಯಬೇಕಾದರೂ ಇದೇ ಕೀಲಿ ಬೇಕು. ಇನ್ನೊಂದು ಕೀಲಿ ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ ಎಂದು ಮನೆ ಮಾಲೀಕ ದಿನ ತಳ್ಳುತ್ತಿದ್ದ.

ಅಜ್ಜಿ ಕಷ್ಟಪಟ್ಟು ಹತ್ತಿ ಬರುತ್ತಾಳೆ, ತಳ್ಳುತ್ತಾಳೆ, ಬಾಗಿಲು ಜಗ್ಗುವುದಿಲ್ಲ. ತಟ್ಟುತ್ತಾಳೆ. ಅವನು ಮಾತಾಡುವುದಿಲ್ಲ. ಆಸ್ಪತ್ರೆಗೆ ಹೋಗಿರಬೇಕು ಅಂದುಕೊಂಡು ಇಳಿದು ಹೋಗುತ್ತಾಳೆ. ಅವನು ತನಗೆ ಫೋನ್ ಮಾಡಿದರೆ ಅದು ಕಪಾಟಿನೊಳಗೆ ಕೂಗಿಕೊಂಡು ಸುಮ್ಮನಾಗುತ್ತದೆ. ಕಾಲು ಜೋಮು ಹಿಡಿದರೆ? ಒಂದು ಗಳಿಗೆಯೂ ಕಾಯಬಾರದು ಅಂದಿದ್ದಳಲ್ಲ ನರ್ಸ್.

ಎದ್ದು ಮೇಷ್ಟ್ರ ಮೇಜಿಗೆ ಹೋದಳು. "ಸ್ವಲ್ಪ ಹೊರಗೆ ಹೋಗಿ ಬರಬಹುದಾ ಸರ್?"

"ಹೋಗಬಹುದು," ಅಂದರು ಮೇಷ್ಟ್ರು, ಅವಳ ಕೈಯನ್ನೇ ನೋಡುತ್ತಾ. "ವಾಪಸ್ ಬರೋಕಾಗಲ್ಲ. ಯಾಕೆ, ಏನಾಯ್ತು?"

ಬಾಯಿ ಬಿಟ್ಟು ಹೇಳಿದ್ದರೆ ಅವರೇ ಯಾರನ್ನಾದರೂ ಕಳಿಸುತ್ತಿದ್ದರೋ ಏನೋ. ಆದರೆ ಅವಳು ವಾಕ್ಯ ಜೋಡಿಸಿಕೊಳ್ಳತೊಡಗಿದಾಗ ಅದು ಹೀಗೆ ಕೂಡಿಕೊಂಡಿತು: ಏಳಲಾರದ ಗಂಡನನ್ನು ಮನೆಯೊಳಗೆ ಹಾಕಿ ಬೀಗ ಜಡಿದು ಬಂದಿದ್ದೇನೆ. ಪರಭಾಷೆಯಲ್ಲಿ ಅದು ಪೊಲೀಸರಿಗೆ ಹೇಳುವ ಮಾತಿನ ಹಾಗಿತ್ತು. "ಏನಿಲ್ಲ ಸರ್," ಅಂದು ವಾಪಸ್ ಬಂದು ಕೂತಳು.

ಕೂತದ್ದು ಸರಿಯೇ ಎಂದು ಕೇಳಿದರೆ ನಾನು ಹೇಳಲಾರೆ. ಬೈಯುವವರು ಬೈಯಲಿ. ಆದರೆ ಆ ಬೆಂಚಿನಲ್ಲಿ ಕೂತು ನೋಡಿದವರು ಬೈಯಲಿ. ಎದ್ದರೆ ಅವನು ಜನ್ಮವಿಡೀ ತನ್ನ ಸೊಂಟವನ್ನು ಶಪಿಸಿಕೊಳ್ಳುತ್ತಾನೆ, ಕೂತರೆ ಇವಳು ಜನ್ಮವಿಡೀ ತನ್ನ ಕೈಯನ್ನು ಶಪಿಸಿಕೊಳ್ಳುತ್ತಾಳೆ. ಬೇಗ ಮುಗಿಸುತ್ತೇನೆ, ಮುಗಿಸಿ ಓಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಮೇಣಕ್ಕೆ ಅವಸರ ಆಗಿಬರುವುದಿಲ್ಲ. ಹೆದರಿದ ಕೈ ಬಿಸಿಯಾಗುತ್ತದೆ, ಬಿಸಿ ಕೈಯಲ್ಲಿ ಮೇಣ ಮೆತ್ತಗಾಗುತ್ತದೆ, ಮೆತ್ತಗಾದ ಮೇಣದ ಮೇಲೆ ಚಾಕು ಜಾರುತ್ತದೆ. ಒಂದು ದಿಬ್ಬ ಕುಸಿದೇ ಹೋಯಿತು. ದೀಪದಲ್ಲಿ ಕಡ್ಡಿ ಕಾಯಿಸಿ, ಹನಿ ಮೇಣ ಬಿಟ್ಟು ಮತ್ತೆ ಕಟ್ಟಿದಳು. ಬಟ್ಟಲಿನ ತಣ್ಣೀರಿನಲ್ಲಿ ಬೆರಳು ಅದ್ದಿ, ಒರೆಸಿ, ಕೆತ್ತಿ, ಮತ್ತೆ ಅದ್ದಿದಳು. ಹಲ್ಲು ಕಚ್ಚಿಕೊಂಡು ಹಲ್ಲು ಕೆತ್ತಿದಳು. ತೊಡೆಯ ಮೇಲೆ ಜೇಬಿನ ಕೀಲಿ ಒತ್ತುತ್ತಲೇ ಇತ್ತು. ಅಜ್ಜಿ ಈಗ ಹತ್ತುತ್ತಿರಬಹುದು, ಈಗ ತಟ್ಟುತ್ತಿರಬಹುದು, ಈಗ ಇಳಿಯುತ್ತಿರಬಹುದು. ಮಾತಾಡ್ರೀ, ಇವತ್ತೊಂದು ದಿನ ಮಾತಾಡ್ರೀ, ಎಂದು ಮನಸ್ಸಿನಲ್ಲೇ ಅಂಗಲಾಚಿದಳು.

ಎಲ್ಲರಿಗಿಂತ ಮೊದಲು ಎದ್ದು ಹಲ್ಲನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಭೂತಗನ್ನಡಿ ಇಳಿಸಿ, ಹೆಬ್ಬೆರಳಿನಲ್ಲಿ ದಿಬ್ಬಗಳನ್ನು ಸವರಿ, ಮೊದಲ ಸಲ ಅವಳ ಮುಖ ನೋಡಿದರು. "ನಾಳೆ ಬಾ," ಅಂದರು. ಆ ಎರಡು ಪದಕ್ಕಾಗಿ ಅವಳು ಸಮುದ್ರ ದಾಟಿ ಬಂದಿದ್ದಳು. ಈಗ ಅದನ್ನು ಕೇಳಿ ತಲೆಯಾಡಿಸಿ ಓಡಿದಳು.

ಕಪಾಟಿನ ಫೋನಿನಲ್ಲಿ ಅವನ ಒಂದು ಕರೆಯೂ ಇರಲಿಲ್ಲ. ಹತ್ತು ಕರೆಗಳಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ತಾನೇ ಮಾಡಿದಳು, ಅವನು ಎತ್ತಲಿಲ್ಲ. ಬಸ್ಸು ಪ್ರತಿ ಸಿಗ್ನಲ್ಲಿನಲ್ಲೂ ನಿಂತಿತು.

ಅಜ್ಜಿ ಕೆಳಗೇ ಸಿಕ್ಕಳು. "ಬಂದ್ಯಾ? ಆಸ್ಪತ್ರೇಲಿ ಏನಂದ್ರಮ್ಮಾ? ನಾನು ಹತ್ತಿ ಬಂದಿದ್ದೆ, ಬೀಗ ಇತ್ತು. ತಟ್ಟಿದೆ, ಕೂಗಿದೆ. ಯಾರೂ ಇರಲಿಲ್ಲ."

ಕೀಲಿ ತೂತಿಗೆ ಸೇರಲು ಸತಾಯಿಸಿತು. ಬಾಗಿಲು ಅರ್ಧ ತೆರೆದು ಏನಕ್ಕೋ ತಗುಲಿತು. ತಗುಲಿದ್ದು ಅವನ ಕೈಗೆ. ಹಾಸಿಗೆಯಿಂದ ಬಾಗಿಲವರೆಗೆ ಮೊಣಕೈ ಊರಿ ತೆವಳಿಕೊಂಡು ಬಂದು, ಬೋರಲಾಗಿ ಬಿದ್ದಿದ್ದ. ಫೋನು ಅಲ್ಲೇ ಹಾಸಿಗೆಯ ಹತ್ತಿರ ಉಳಿದಿತ್ತು. ಬಾಟಲಿ ಖಾಲಿಯಾಗಿಯೇ ಇತ್ತು.

"ಏನಾಯ್ತು ಹಲ್ಲು?" ಅಂದ.

"ಹಲ್ಲಿನ ಮನೆ ಹಾಳಾಗ! ಕಾಲು ಹೇಗಿದೆ?" ಅಂದು ಪಾದ ಚಿವುಟಿದಳು. ಅವನು ಸುಮ್ಮನಿದ್ದ. ಇನ್ನೂ ಜೋರಾಗಿ ಚಿವುಟಿದಳು, ಉಗುರಿನ ಗುರುತು ಬಿತ್ತು. "ರಾಕ್ಷಸಿ ಅನ್ರೀ," ಅಂದಳು. ಅವನು ಅನ್ನಲಿಲ್ಲ.

ಆಂಬುಲೆನ್ಸ್ ಕರೆದಳು. ಅದು ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಕೀಲಿ ತಿರುಗಿದ್ದು ಕೇಳಿಸಲಿಲ್ವಾ ನಿಮಗೆ?"

"ಕೇಳಿಸ್ತು."

"ಮತ್ತೆ ಯಾಕೆ ಕೂಗಲಿಲ್ಲ?"

"ಕೂಗಿದ್ರೆ ನೀನು ಹತ್ತಿ ಬರ್ತಿದ್ದೆ. ಬಂದೋಳು ಮತ್ತೆ ಹೋಗ್ತಿರಲಿಲ್ಲ."

"ಕಾಲು ಯಾವಾಗಿಂದ ಹೀಗೆ?"

"ನೀನು ಮೆಟ್ಟಿಲು ಇಳೀತಾ ಇದ್ದೆ," ಅಂದ.

"ಅಜ್ಜಿ ಬಂದಾಗಲಾದ್ರೂ..."

"ಬಾಯಿ ತೆಗೆದೆ ಕಣೇ. ಆಣೆಗೂ ತೆಗೆದೆ. ಬೀಗ ಇದ್ದಾಗ ಮಾತಾಡಿ ಅಭ್ಯಾಸ ಇಲ್ಲ. ದನಿನೇ ಬರಲಿಲ್ಲ. ಅವರು ಇಳಿದು ಹೋದ್ಮೇಲೆ ಬಾಗಿಲ ಹತ್ರ ಹೋಗಿ ಬಡಿಯೋಣ ಅಂತ ತೆವಳಿದೆ. ಇಲ್ಲಿವರೆಗೆ ಬಂತು ಬಂಡಿ."

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ಅವನ ಕಾಲುಗಳನ್ನು ಎತ್ತಿ, ತಟ್ಟಿ, ಸೂಜಿ ಮುಟ್ಟಿಸಿ ನೋಡಿ, ಹಲ್ಲಿನಕ್ಕನ ಕಡೆ ತಿರುಗಿದರು. "ಸ್ಪರ್ಶ ಹೋಗಿ ಎಷ್ಟು ಹೊತ್ತಾಯ್ತು? ಸರಿಯಾಗಿ ಕೇಳಿ ಹೇಳಿ. ಇದರ ಮೇಲೇ ನಾವು ಮುಂದಿನದು ನಿರ್ಧಾರ ಮಾಡೋದು."

ಅವಳು ಕನ್ನಡದಲ್ಲಿ ಕೇಳಿದಳು. ಅವನು ಚಾವಣಿ ನೋಡುತ್ತಾ ಹೇಳಿದ, "ಈಗಷ್ಟೇ ಅಂತ ಹೇಳು."

"ರೀ!"

"ಬೆಳಿಗ್ಗೆಯಿಂದ ಅಂದ್ರೆ ನಿನ್ನ ಮುಖ ನೋಡ್ತಾರೆ. ಹೆಂಡತಿ ಬೀಗ ಹಾಕ್ಕೊಂಡು ಹೋದ್ಲು ಅಂತಾರೆ. ಅವರಿಗೆ ನಮ್ಮ ಕತೆ ಏನು ಗೊತ್ತು? ನೀನು ಬಂದ್ಮೇಲೆ ಹೀಗಾಯ್ತು ಅನ್ನು. ನಿನಗೇನು, ನಾನು ಹೇಳಿದ್ದನ್ನ ಹೇಳೋದು ತಾನೆ ನಿನ್ನ ಕೆಲಸ?"

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ಅವಳೊಬ್ಬಳೇ. ಸುಳ್ಳು ಅವಳದಲ್ಲ, ಗಂಡನ ಬಾಯಿಂದ ಪ್ರೀತಿಯಿಂದ ಬಂದದ್ದು. ಇತ್ತಲಿಂದ ಅತ್ತ ದಾಟಿಸಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ದಾಟಿಸಿಬಿಡಲೇ ಅನ್ನಿಸಿತು ಕೂಡ.

"ಬೆಳಿಗ್ಗೆಯಿಂದ," ಅಂದಳು ಡಾಕ್ಟರಮ್ಮನಿಗೆ. "ನಾನು ಹೊರಗಿನಿಂದ ಬೀಗ ಹಾಕಿಕೊಂಡು ಹೋದಾಗಿನಿಂದ. ಒಂದಕ್ಕೂ ಹೋಗಿಲ್ಲ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಡಾಕ್ಟರಮ್ಮ ಅವಳ ಮುಖ ನೋಡಿದರು. ಅವನು ಹೇಳಿದ್ದನಲ್ಲ, ಹಾಗೇ ನೋಡಿದರು. ಆಮೇಲೆ ತಿರುಗಿ ಜೋರಾಗಿ ಯಾರನ್ನೋ ಕರೆದರು, ಇನ್ಯಾರನ್ನೋ ಓಡಿಸಿದರು. ಸಂಜೆಗೆ ಹೋಗಬಹುದಾಗಿದ್ದ ಸ್ಕ್ಯಾನು ಈಗಲೇ ಆಯಿತು, ನಾಳೆಗೆ ಹೋಗಬಹುದಾಗಿದ್ದ ಬೆನ್ನಿನ ಆಪರೇಷನ್ ಇವತ್ತೇ ಎಂದಾಯಿತು. ಮಂಚದ ಗಾಲಿಗಳು ಹೊರಟವು, ಅವಳು ಪಕ್ಕದಲ್ಲಿ ಓಡಿದಳು.

"ಏನು ಹೇಳಿದೆ?" ಅಂದ ಅವನು.

"ಇದ್ದದ್ದನ್ನ ಹೇಳಿದೆ."

"ಹಲ್ಲು ಏನಾಯ್ತು ಅಂತ ಇನ್ನೂ ಹೇಳಿಲ್ಲ ನೀನು."

"ನಾಳೆ ಬಾ ಅಂದ್ರು."

ಅವನು ಕಣ್ಣು ಮುಚ್ಚಿಕೊಂಡು ನಕ್ಕ. ಬಾಗಿಲು ಬಂತು, ಅವಳನ್ನು ಹೊರಗೆ ನಿಲ್ಲಿಸಿದರು.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ವಾರ್ಡಿಗೆ ಬಂದಾಗ ಹಲ್ಲಿನಕ್ಕ ಅದೇ ಬಟ್ಟೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಬಾಟಲಿಯ ಪ್ರಶ್ನೆಗೆ ಆಸ್ಪತ್ರೆಯವರು ಒಂದು ಕೊಳವೆ ಹಾಕಿ ಉತ್ತರ ಕೊಟ್ಟಿದ್ದರು. ಕಾಲಿನ ಪ್ರಶ್ನೆ ಹಾಗೇ ಇತ್ತು. ಡಾಕ್ಟರಮ್ಮ ಸೂಜಿ ತೆಗೆದು, ಪಾದಕ್ಕೆ ಮುಟ್ಟಿಸಿದರೆ ಗೊತ್ತಾಗುತ್ತದೆಯೇ ಕೇಳಿ ಅಂದರು. ಅವಳು ಕೇಳಿದಳು.

"ಗೊತ್ತಾಗ್ತಿದೆ, ಗೊತ್ತಾಗ್ತಿದೆ," ಅಂದ ಗೂಬೆಯಣ್ಣ. ಸೂಜಿ ಇನ್ನೂ ಗಾಳಿಯಲ್ಲೇ ಇತ್ತು.

ಅವಳಿಗೆ ಅಳು, ಸಿಟ್ಟು, ನಗು ಒಟ್ಟಿಗೇ ಬಂದವು. "ಇವರನ್ನ ಕೇಳಬೇಡಿ ಡಾಕ್ಟ್ರೇ," ಅಂದಳು. "ನಾನು ಸ್ಕೂಲಿಗೆ ಹೋಗಲಿ ಅಂತ ಇವರು ಏನು ಬೇಕಾದ್ರೂ ಹೇಳ್ತಾರೆ. ಹೇಳದೇ ಚುಚ್ಚಿ." ಹಾಗೆ ಅಂದು ಅಂಗೈಯಿಂದ ಅವನ ಎರಡೂ ಕಣ್ಣು ಮುಚ್ಚಿದಳು. ತಾನು ಮಾತ್ರ ಪಾದದಿಂದ ಕಣ್ಣು ತೆಗೆಯಲಿಲ್ಲ.

ಹಿಮ್ಮಡಿಗೆ ಚುಚ್ಚಿದರು. ಏನೂ ಆಗಲಿಲ್ಲ. ಪಾದದ ನಡುವಿಗೆ ಚುಚ್ಚಿದರು. ಏನೂ ಆಗಲಿಲ್ಲ. ಹೆಬ್ಬೆರಳ ಬುಡಕ್ಕೆ ಚುಚ್ಚಿದರು. ಬೆರಳು ಸಣ್ಣಗೆ ಮಡಚಿ, ಹಿಂದೆ ಸರಿಯಿತು.

"ಅಯ್ಯೋ ರಾಕ್ಷಸೀರಾ! ಹೇಳಿ ಚುಚ್ಚಬಾರದಾ?"

ಅವಳು ಅವನ ಎದೆಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಅಕ್ಕಪಕ್ಕದ ಮಂಚದವರು ಏನೋ ಕೆಡುಕಾಯಿತೆಂದು ಇತ್ತ ನೋಡಿದರು. ನಡೆಯಲು ತಿಂಗಳುಗಳು ಬೇಕು, ಪೂರ್ತಿ ಮೊದಲಿನಂತಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಆದರೆ ದಾರಿ ತೆರೆದಿದೆ ಅಂದರು ಡಾಕ್ಟರಮ್ಮ. ಅವಳು ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದಳು.

"ಸರಿ, ಹೊತ್ತಾಯ್ತು. ಮುಖ ತೊಳ್ಕೊಂಡು ಹೊರಡು," ಅಂದ ಅವನು.

ಅವಳು ಮುಖ ತೊಳೆದಳು. ಅವನ ಫೋನನ್ನು ಅವನ ಕೈಯಲ್ಲೇ ಇಟ್ಟು, ಮೇಷ್ಟ್ರಿಗೆ ಇವತ್ತು ಎಲ್ಲ ಹೇಳಿ, ನನ್ನ ಫೋನನ್ನು ಬೆಂಚಿನ ಮೇಲೇ ಇಟ್ಟುಕೊಳ್ಳಲು ಒಪ್ಪಿಗೆ ಕೇಳುತ್ತೇನೆ ಅಂದಳು. "ಹೋಗಿ ಬರ್ತೀನಿ," ಅಂದಳು. "ಹ್ಞೂಂ," ಅಂದ.

ವಾರ್ಡಿನ ಬಾಗಿಲು ದಾಟಿ, ಮೆಟ್ಟಿಲಿನ ಹತ್ತಿರ ಬಂದಿದ್ದಳು. ಅಷ್ಟರಲ್ಲಿ ಹಿಂದಿನಿಂದ, ಇಡೀ ವಾರ್ಡೇ ಬೆಚ್ಚಿಬೀಳುವ ಹಾಗೆ, ಹಗಲು ಹೊತ್ತು ಅವಳು ಒಂದು ದಿನವೂ ಕೇಳದ ದನಿಯಲ್ಲಿ ಕೂಗು ಬಂತು.

"ಲೇ, ಸ್ಕೂಲ್ ಹುಡುಗೀ!"

ಅವಳು ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದಳು. ನರ್ಸ್ ಕೂಡ ಓಡಿ ಬಂದಿದ್ದಳು. "ಏನ್ರೀ? ಏನಾಯ್ತು?"

"ಏನಿಲ್ಲ ಹೋಗು," ಅಂದ ಗೂಬೆಯಣ್ಣ. "ಕೂಗಿ ನೋಡ್ದೆ, ಅಷ್ಟೇ."